ದಂಡದ ರಿಯಾಯಿತಿ ಮತ್ತು ಲಕ್ಕಮ್ಮನ ಅಕ್ಕಿ



ನನ್ನ ಸ್ಕೂಟರಿನ ಮೇಲೆ ನಾಲ್ಕು ದಂಡಗಳು ಬಾಕಿ ಇವೆಯೆಂದು ಗೊತ್ತಾದದ್ದು 2022ರ ದೀಪಾವಳಿಯ ಹೊತ್ತಿಗೆ. ಸೊಸೆ ತನ್ನ ಗಾಡಿಯ ಬಾಕಿ ನೋಡುತ್ತ ಕುಳಿತಿದ್ದವಳು, ಸುಮ್ಮನೆ ನನ್ನ ಗಾಡಿಯ ನಂಬರನ್ನೂ ಹಾಕಿದಳು. ನಾಲ್ಕೂ ಹೆಲ್ಮೆಟ್ ಇಲ್ಲದ್ದಕ್ಕೆ ಹಾಕಿದ ದಂಡ. ತಲಾ 500ರಂತೆ 2,000 ರೂಪಾಯಿ. ಒಂದು ನೋಟಿಸಿಗೆ ಫೋಟೊ ಕೂಡ ಇತ್ತು. ಅದರಲ್ಲಿ ಹಣೆಯ ತುಂಬ ವಿಭೂತಿ, ಕೊರಳಲ್ಲಿ ಇಷ್ಟಲಿಂಗದ ಕರಡಿಗೆ, ಹ್ಯಾಂಡಲ್ಲಿಗೆ ಪುಸ್ತಕದ ಚೀಲ, ಬೋಳು ತಲೆ.

"ಮಾವಾರ, ಇದು ನೀವು ಮಠಕ್ಕ ಭಾಷಣಕ್ಕ ಹೋದ ದಿನ ಅಲ್ರೀ?" ಅಂದಳು ಸೊಸೆ. ತಾರೀಖು ನೋಡಿದೆ. ಹೌದು. ಅಂದಿನ ಶರಣಸಂಗಮದಲ್ಲಿ ನನಗೆ ಕೊಟ್ಟ ವಿಷಯ ಸದಾಚಾರ.

ಆ ಫೋಟೊ ನೋಡಿ ನನಗೆ ನಾಚಿಕೆಯಾಯಿತು ಎಂದು ಬರೆಯಬಹುದಿತ್ತು. ಆದರೆ ಸತ್ಯ ಹೇಳಬೇಕಲ್ಲ. ಆ ಹೊತ್ತಿಗೆ ನನಗೆ ಬಂದದ್ದು ಸಿಟ್ಟು. ತಗ್ಗು ಮುಚ್ಚಲು ಬಾರದ ಸರಕಾರಕ್ಕೆ ಫೋಟೊ ತೆಗೆಯಲು ಮಾತ್ರ ಬರುತ್ತದೆ ಅಂದುಕೊಂಡೆ. ಮರುದಿನ ಬಸವ ಕೇಂದ್ರದಲ್ಲಿ ಈ ಮಾತು ತೆಗೆದಾಗ ಹಿರಿಯರೊಬ್ಬರು, "ತಡೀರಿ ಮಾಸ್ತರ್ರ, ಗಡಿಬಿಡಿ ಮಾಡಬ್ಯಾಡ್ರಿ. ಇಷ್ಟು ಮಂದಿದು ಬಾಕಿ ಐತಿ, ಒಂದಿಲ್ಲೊಂದು ದಿನ ಏನರ ಕಡಿಮಿ ಮಾಡೇ ಮಾಡ್ತಾರ" ಅಂದರು. ನಾನು ತಡೆದೆ. ಅವರ ಮಾತು ಖರೆ ಆಯಿತು. 2023ರ ಫೆಬ್ರವರಿ 2ರಂದು ರಾಜ್ಯ ಸರಕಾರ ಆದೇಶ ಹೊರಡಿಸಿತು. ಸಂಚಾರ ಉಲ್ಲಂಘನೆಯ ಬಾಕಿ ದಂಡವನ್ನು ಫೆಬ್ರವರಿ 11ರೊಳಗೆ ಕಟ್ಟಿದವರಿಗೆ ಅರ್ಧ ಮಾಫಿ. ನಾನು ಸಾವಿರ ರೂಪಾಯಿ ಕಟ್ಟಿ, ಸಾವಿರ ಉಳಿಸಿದೆನೆಂಬ ಸಮಾಧಾನದಲ್ಲಿ ರಸೀತಿಯನ್ನು ಮಡಚಿ ಜೇಬಿಗೆ ಹಾಕಿಕೊಂಡೆ.

ಆ ಸಮಾಧಾನವನ್ನು ಕೆಡಿಸಿದವರು ನಮ್ಮ ಓಣಿಯ ಗೌಂಡಿ ಶರಣರೊಬ್ಬರು. ವಾರಕ್ಕೊಮ್ಮೆ ಸಾಮೂಹಿಕ ಪ್ರಾರ್ಥನೆಗೆ ಬಂದು ಹಿಂದಿನ ಸಾಲಿನಲ್ಲಿ ಕುಳಿತುಕೊಳ್ಳುವವರು. ಅವರಿಗೂ ಎರಡು ದಂಡ ಬಿದ್ದಿದ್ದವು. ನೋಟಿಸು ಕಂಡ ವಾರದಲ್ಲೇ, ಜನವರಿಯಲ್ಲಿ, ಪೂರ್ತಿ ಸಾವಿರ ಕಟ್ಟಿಬಿಟ್ಟಿದ್ದರು. ನನ್ನ ರಸೀತಿಯ ಸುದ್ದಿ ಕೇಳಿ ಅವರು ಅಂದದ್ದು ಇಷ್ಟೇ: "ನಾ ಎರಡು ತಪ್ಪಿಗೆ ಸಾವಿರ ಕೊಟ್ಟೆ. ನೀವು ನಾಕು ತಪ್ಪಿಗೆ ಸಾವಿರ ಕೊಟ್ರಿ. ನಾ ಓದಿಲ್ಲರಿ, ಇದರ ಲೆಕ್ಕ ನೀವs ಹೇಳ್ರಿ."

ಮೂವತ್ತು ವರ್ಷ ಮಕ್ಕಳಿಗೆ ಲೆಕ್ಕ ಕಲಿಸಿದವನು ನಾನು. ಉತ್ತರ ಬರಲಿಲ್ಲ. ಈಗಲೂ ಪೂರ್ತಿ ಬಂದಿಲ್ಲ. ಈ ಬರಹ ಅದರ ಪ್ರಯತ್ನ.

ಮೊದಲು ಸರಕಾರದ ಮಾತು. ರಿಯಾಯಿತಿಯ ಹಿಂದೆ ಒಂದು ಕಾರಣವಿತ್ತು, ಅದನ್ನು ಮರೆಮಾಚುವುದು ನ್ಯಾಯವಲ್ಲ. ಬಾಕಿ ಪ್ರಕರಣಗಳು ಗುಡ್ಡೆ ಬಿದ್ದಿದ್ದವು. ಅವನ್ನೆಲ್ಲ ಕೋರ್ಟಿಗೆ ಎಳೆದರೆ ವಿಚಾರಣೆಗೆ ಯಾವ ನ್ಯಾಯಾಧೀಶರಿಗೂ ಪುರಸೊತ್ತು ಸಿಗದು. ಲೋಕ ಅದಾಲತ್ತಿನ ಮುಂಚೆ ಅವನ್ನು ತೀರಿಸಲು ಕಾನೂನು ಸೇವಾ ಪ್ರಾಧಿಕಾರದ ಸಲಹೆಯಂತೆ ಈ ಯೋಜನೆ ಬಂತು. ಬೆಂಗಳೂರೊಂದರಲ್ಲೇ ಆ ಕೆಲವೇ ದಿನಗಳಲ್ಲಿ 100 ಕೋಟಿಗೂ ಮೀರಿ ಹಣ ಕೂಡಿತು. ಠಾಣೆಗಳ ಮುಂದೆ ಜನ ಸಾಲು ನಿಂತರು. ಯೋಜನೆ ಫಲಿಸಿತು ಅನ್ನಬೇಕು. ಅದೇ ವರ್ಷ ಮತ್ತೆರಡು ಸಲ ಅದೇ ರಿಯಾಯಿತಿ ಕೊಟ್ಟರು. 2025ರಲ್ಲಿ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ಮತ್ತೊಮ್ಮೆ. ಆಗಲೂ ಬೆಂಗಳೂರಿನಲ್ಲಿ 100 ಕೋಟಿ ದಾಟಿತು.

ಮೊದಲ ಸಲ ಅದು ಬಾಕಿ ತೀರಿಸುವ ಉಪಾಯ. ನಾಲ್ಕನೆಯ ಸಲಕ್ಕೆ ಅದು ಆಷಾಢದ ಸೀರೆಯಂಗಡಿ. ಯಾವ ಜಾಣನೂ ಜ್ಯೇಷ್ಠದಲ್ಲಿ ಸೀರೆ ಕೊಳ್ಳುವುದಿಲ್ಲ. ಆಷಾಢ ಬರುತ್ತದೆಂದು ಅವನಿಗೆ ಗೊತ್ತು. ನೋಟಿಸು ಬಂದ ದಿನ ಕಟ್ಟುವ ಬಡ ಗೌಂಡಿ ದಡ್ಡನಾಗುತ್ತಾನೆ, ವರ್ಷಗಟ್ಟಲೆ ಕಟ್ಟದ ಪಿಂಚಣಿದಾರ ಮಾಸ್ತರು ಬುದ್ಧಿವಂತನಾಗುತ್ತಾನೆ. ಕಾಯಕದ ಮಾತಾಡುವ ನಾವು ಇದನ್ನು ಕಂಡೂ ಸುಮ್ಮನಿದ್ದೇವೆ, ಯಾಕೆಂದರೆ ನಮ್ಮಲ್ಲಿ ಬಹಳಷ್ಟು ಜನ ಎರಡನೆಯ ಗುಂಪಿನವರು.

ಇಲ್ಲಿ ನನಗೆ ಆಯ್ದಕ್ಕಿ ಲಕ್ಕಮ್ಮ ನೆನಪಾಗುತ್ತಾಳೆ. ಕಥೆ ನಿಮಗೆಲ್ಲ ಗೊತ್ತು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಆತ ದಿನದ ಅಳತೆಗಿಂತ ಹೆಚ್ಚು ತಂದ. ಆಕೆ ಒಲೆ ಹಚ್ಚಲಿಲ್ಲ. ಹೆಚ್ಚಿನದ್ದನ್ನು ಇದ್ದಲ್ಲಿಯೇ ಸುರಿದು ಬಾ ಎಂದು ಕಳಿಸಿದಳು. ನಾವು ಈ ಕಥೆಯನ್ನು ದುರಾಸೆ ಕೂಡದು ಎಂಬುದಕ್ಕೆ ಬಳಸಿ ಮುಗಿಸಿಬಿಡುತ್ತೇವೆ. ಆದರೆ ಆ ಅಕ್ಕಿಯನ್ನು ಮಾರಯ್ಯ ಕದ್ದಿರಲಿಲ್ಲ. ಕೊಟ್ಟವರು ಕಣ್ಣೆದುರೇ ಇದ್ದರು, ತೆಗೆದುಕೊಳ್ಳಬೇಡ ಎಂದು ಯಾರೂ ಹೇಳಿರಲಿಲ್ಲ. ಅವರೇ ಬೇಕೆಂದು ಹೆಚ್ಚು ಚೆಲ್ಲಿದ್ದರು ಎಂದೂ ಕಥೆ ಹೇಳುವವರಿದ್ದಾರೆ. ಅಂದರೆ ಅದು ಸಿಕ್ಕ ಅಕ್ಕಿ, ಕೇಳದೆ ಬಂದ ರಿಯಾಯಿತಿ. ಲಕ್ಕಮ್ಮ ನೋಡಿದ್ದು ಇದು ನಮಗೆ ಸಲ್ಲಬೇಕಾದ್ದೋ ಅಲ್ಲವೋ ಎಂಬುದನ್ನು ಮಾತ್ರ.

ನನ್ನ ಜೇಬಿನಲ್ಲಿ ಉಳಿದ ಸಾವಿರ ರೂಪಾಯಿ ಮಾರಯ್ಯ ತಂದ ಆ ಹೆಚ್ಚಿನ ಅಕ್ಕಿ. ಅದನ್ನು ಇದ್ದಲ್ಲಿಯೇ ಸುರಿದು ಬರೋಣವೆಂದರೆ ದಾರಿಯಿಲ್ಲ. ಠಾಣೆಗೆ ಹೋಗಿ "ಉಳಿದರ್ಧ ತಗೋಳ್ರಿ" ಎಂದರೆ ತೆಗೆದುಕೊಳ್ಳುವ ವ್ಯವಸ್ಥೆ ಅವರ ಕಂಪ್ಯೂಟರಿನಲ್ಲಿ ಇಲ್ಲ. ಆ ಹಣಕ್ಕೆ ಒಂದು ಒಳ್ಳೆಯ ಹೆಲ್ಮೆಟ್ ಕೊಂಡು, ಗಾಡಿ ಹಿಂದೆ ಹೆಂಡತಿಯನ್ನು ಬರಿದಲೆಯಲ್ಲಿ ಕೂರಿಸಿಕೊಂಡು ಓಡಾಡುವ ಪರಿಚಯದ ಹುಡುಗನಿಗೆ ಕೊಟ್ಟೆ. ಇದು ದಾಸೋಹವೇ? ಹಾಗೆಂದು ಹೇಳಿಕೊಳ್ಳಲು ನನಗೆ ಧೈರ್ಯವಿಲ್ಲ. ತೀರ್ಥದಲ್ಲಿ ಮುಳುಗಿ ಪಾಪ ತೊಳೆಯುವವರನ್ನು, ಹೋಮಕ್ಕೆ ದಕ್ಷಿಣೆ ಕೊಟ್ಟು ದೋಷ ಕಳೆದುಕೊಳ್ಳುವವರನ್ನು ವೇದಿಕೆಯ ಮೇಲಿಂದ ಎಷ್ಟು ಸಲ ಬೈದಿದ್ದೇನೋ! ಹೆಲ್ಮೆಟ್ ದಾನವೂ ಅದೇ ಪ್ರಾಯಶ್ಚಿತ್ತದ ತಮ್ಮ ಇದ್ದರೂ ಇರಬಹುದು.

ಪ್ರಾಯಶ್ಚಿತ್ತದ ಮಾತು ಬಂತು, ಇನ್ನೊಂದನ್ನೂ ಹೇಳಿಬಿಡುತ್ತೇನೆ. ದಂಡ ಕಟ್ಟಿದ ಮೇಲೆ ನಮ್ಮವರು "ಕ್ಲಿಯರ್ ಆತು" ಅನ್ನುತ್ತಾರೆ. ಏನು ಕ್ಲಿಯರ್ ಆಯಿತು? ಕಂಪ್ಯೂಟರಿನ ಬಾಕಿ ಹೋಯಿತು, ನಿಜ. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ 50,029 ಜನ ಹೆಲ್ಮೆಟ್ ಹಾಕದ ಸವಾರರು ಮತ್ತು ಹಿಂಬದಿ ಕುಳಿತವರು. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕ ಇದು. ಸಿಗ್ನಲ್ ಹಾರಿದವನು ದಂಡ ಕಟ್ಟಬಹುದು. ಆ ಹೊತ್ತಿನಲ್ಲಿ ರಸ್ತೆ ದಾಟುತ್ತಿದ್ದ ಮುದುಕಿ ಎದೆ ಹಿಡಿದುಕೊಂಡು ನಿಂತದ್ದಕ್ಕೆ ಯಾವ ರಸೀತಿಯೂ ಇಲ್ಲ. ಜಂಗಮ ಎಂದರೆ ಕಾವಿಯುಟ್ಟು ಬಂದವರು ಮಾತ್ರವಲ್ಲ, ಇಡೀ ಸಮಾಜವೇ ಜಂಗಮ ಎಂದು ನಾವು ಅರ್ಥ ಬಿಡಿಸಿ ಹೇಳುತ್ತೇವೆ. ಆ ಅರ್ಥ ನಿಜವಾದರೆ ಆ ಮುದುಕಿಯೂ ಜಂಗಮಳೇ.

ಈಗ ಆಕ್ಷೇಪಗಳಿಗೆ ಬರೋಣ. ಕೇಂದ್ರದಲ್ಲಿ ಈ ಮಾತು ಎತ್ತಿದಾಗಲೆಲ್ಲ ತರುಣರು ಕೇಳುವ ಮೊದಲ ಪ್ರಶ್ನೆ: "ಶರಣರು ಅರಸನ ಆಜ್ಞೆ ಮೀರಿದವರಲ್ಲೇನ್ರೀ? ನೀವು ನಮಗ ಸರಕಾರ ಹೇಳಿದ್ದೆಲ್ಲ ಕೇಳ್ರಿ ಅಂತೀರಲ್ಲ." ಒಳ್ಳೆಯ ಪ್ರಶ್ನೆ. ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ಆದ ಮದುವೆ ಬಿಜ್ಜಳನ ಆಳ್ವಿಕೆಗೆ ಎದುರಾಗಿಯೇ ಆದದ್ದು. ಅದಕ್ಕಾಗಿ ಆ ಇಬ್ಬರು ತಂದೆಯರು ಎಳೆಹೂಟೆ ಶಿಕ್ಷೆ ಉಂಡರು. ಆದರೆ ಅವರು ಆಜ್ಞೆ ಮೀರಿದ್ದು ಮನುಷ್ಯರೆಲ್ಲ ಒಂದೇ ಎಂಬ ನಂಬಿಕೆಗಾಗಿ. ಹಗಲಿನಲ್ಲಿ, ಎಲ್ಲರೆದುರು. ಶಿಕ್ಷೆ ಬಂದಾಗ ತಲೆ ತಪ್ಪಿಸಿಕೊಳ್ಳಲಿಲ್ಲ, ಅರ್ಧ ಶಿಕ್ಷೆಗೆ ಕಾಯಲಿಲ್ಲ. ನಾವು ನಿಯಮ ಮೀರುವುದು ಐದು ನಿಮಿಷ ಉಳಿಸಲು, ನೋಟಿಸು ಬಂದಾಗ ಮೆಸೇಜು ಅಳಿಸಲು. ಹರಳಯ್ಯನವರ ಹೆಸರನ್ನು ಈ ವ್ಯವಹಾರಕ್ಕೆ ಎಳೆದು ತರುವವರ ಮೇಲೆ ನನಗೆ ಸಿಟ್ಟು ಬರುತ್ತದೆ, ಕ್ಷಮಿಸಿ.

ಅನುಭವ ಮಂಟಪದಲ್ಲಿ ಯಾರ್ಯಾರಿದ್ದರು ಎಂದೂ ನೋಡಿ. ಸುಂಕ ವಸೂಲಿಯನ್ನೇ ಕಾಯಕ ಮಾಡಿಕೊಂಡ ಸುಂಕದ ಬಂಕಣ್ಣನಿದ್ದ. ಊರು ಕಾಯುವ ತಳವಾರ ಕಾಮಿದೇವನಿದ್ದ. ದೊರೆಯ ಭಂಡಾರ ನೋಡಿಕೊಳ್ಳುವ ಬಸವಣ್ಣನವರೇ ಇದ್ದರು. ಸುಂಕದವನೂ ತಳವಾರನೂ ನಮ್ಮ ಶರಣರ ಸಾಲಿನವರಾದ ಮೇಲೆ, ಬಿಸಿಲಲ್ಲಿ ನಿಂತು ಚೀಟಿ ಹರಿಯುವ ಪೊಲೀಸನನ್ನು ಶತ್ರುವೆಂದು ಕಾಣುವುದು ಹೇಗೆ?

ಎರಡನೆಯ ಆಕ್ಷೇಪ, ನೋಟಿಸೇ ತಪ್ಪಿದ್ದರೆ? ಇದು ಖರೆಯ ತೊಂದರೆ. ಮಾರಿದ ಗಾಡಿ ಇನ್ನೂ ನಮ್ಮ ಹೆಸರಿನಲ್ಲೇ ಇರುತ್ತದೆ. ನಂಬರ್ ಪ್ಲೇಟಿನ ಒಂದು ಅಂಕಿ ತಪ್ಪಾಗಿ ಓದಿ ಬೇರೆಯವರ ದಂಡ ನಮಗೆ ಬರುತ್ತದೆ. ಇಂಥಲ್ಲಿ ಕಟ್ಟಬೇಡಿ. ಅರ್ಧವೇ ತಾನೆ, ಹೋಗಲಿ ಎಂದೂ ಕಟ್ಟಬೇಡಿ. ಆರ್‌ಸಿ ಪುಸ್ತಕ ಹಿಡಿದುಕೊಂಡು ಸಂಚಾರ ಠಾಣೆಗೆ ಹೋಗಿ, ಫೋಟೊ ತೋರಿಸಿ ಎಂದು ಕೇಳಿ. ಒಪ್ಪದಿದ್ದರೆ ಕೋರ್ಟಿನಲ್ಲಿ ಹೇಳಿ. ಭಂಡಾರದ ಹಣ ಜಂಗಮರಿಗೆ ಸುರಿದನೆಂದು ಬಸವಣ್ಣನವರ ಮೇಲೆ ಚಾಡಿ ಹೇಳಿದಾಗ ಭಂಡಾರ ತೆರೆದು ಎಣಿಸಲಾಯಿತು, ಹಣ ಸರಿಯಾಗಿತ್ತು ಎಂದು ಪುರಾಣಗಳು ಪವಾಡವಾಗಿ ವರ್ಣಿಸುತ್ತವೆ. ನನ್ನಂಥ ಲೆಕ್ಕದ ಮಾಸ್ತರನಿಗೆ ಅಲ್ಲಿ ಪವಾಡ ಕಾಣುವುದಿಲ್ಲ. ದಿನದಿನದ ಲೆಕ್ಕ ಬರೆದಿಟ್ಟ ಮನುಷ್ಯ ಕಾಣುತ್ತಾನೆ.

ಇನ್ನು ಬಡವರ ಮಾತು. ಊಟ ಮುಟ್ಟಿಸುವ ಹುಡುಗನಿಗೂ ಮೂರು ಅಂಗಡಿಯ ಯಜಮಾನನಿಗೂ ದಂಡ ಅದೇ 500. ಒಬ್ಬನಿಗೆ ದಿನದ ಗಳಿಕೆ, ಇನ್ನೊಬ್ಬನಿಗೆ ಸಂಜೆಯ ಚಹ-ತಿಂಡಿ. ಕೇಂದ್ರ ಸರಕಾರ 2019ರಲ್ಲಿ ಹೆಲ್ಮೆಟ್ ದಂಡವನ್ನು 1,000ಕ್ಕೆ ಏರಿಸಿದಾಗ ನಮ್ಮ ರಾಜ್ಯ ಅದನ್ನು 500ಕ್ಕೆ ಇಳಿಸಿದ್ದು ಇಂಥವರ ಕೂಗಿಗೇ. ಫಿನ್ಲೆಂಡಿನಲ್ಲಿ ಅತಿವೇಗದ ದಂಡವನ್ನು ಆದಾಯ ನೋಡಿ ಲೆಕ್ಕ ಹಾಕುತ್ತಾರೆ. ಶ್ರೀಮಂತನಿಗೆ ಶ್ರೀಮಂತ ದಂಡ. ಅಷ್ಟು ದೂರ ಹೋಗಲು ನಮಗೆ ಆಗದಿದ್ದರೆ ಬೇಡ. ಕಂತಿನಲ್ಲಿ ಕಟ್ಟುವ ಅವಕಾಶವನ್ನಾದರೂ ಕೊಡಬಹುದಲ್ಲ? ತಿಂಗಳೊಳಗೆ ಕಟ್ಟಿದವರಿಗೆ ರಿಯಾಯಿತಿ, ತಡ ಮಾಡಿದವರಿಗೆ ಪೂರ್ತಿ ಎಂದರೆ ಆ ಗೌಂಡಿ ಶರಣರ ಪ್ರಶ್ನೆಗೆ ಸರಕಾರವೇ ಉತ್ತರ ಕೊಟ್ಟಂತಾಗುತ್ತಿತ್ತು. ನಮ್ಮ ಮಠಗಳ ವೇದಿಕೆಗೆ ಮಂತ್ರಿಗಳು ಬರುತ್ತಾರೆ, ಶಾಲು ಹೊದೆಸಿಕೊಂಡು ಹೋಗುತ್ತಾರೆ. ಅವರ ಮುಂದೆ ಸಮುದಾಯ ಭವನಕ್ಕೆ ಅನುದಾನ ಕೇಳುವ ನಾವು ಇದನ್ನೂ ಕೇಳಬಹುದಿತ್ತು.

"ಸರಕಾರಿ ಗಾಡಿಗಳದೇ ಬಾಕಿ ಐತಿ" ಎಂಬ ಮಾತೂ ಇದೆ. ಇದೆ, ಪತ್ರಿಕೆಯಲ್ಲಿ ಓದಿದ್ದೇವೆ. ಅವರು ಕಟ್ಟಲಿ. ಅವರು ಕಟ್ಟುವತನಕ ನಾನು ಕಟ್ಟುವುದಿಲ್ಲ ಎಂದು ಲಿಂಗ ಕಟ್ಟಿಕೊಂಡವನು ಹೇಳುವುದಾದರೆ ನನಗೆ ಮಾತಿಲ್ಲ.

ಇದಕ್ಕಿಂತ ಕೆಟ್ಟದ್ದೊಂದಿದೆ. "ಸ್ಟೇಷನ್ನಿನಾಗ ನಮ್ಮವರs ಅದಾರ, ಹೇಳಿ ತೆಗಿಸಿಬಿಡೂಣು." ಗಾಡಿಯ ಗಾಜಿನ ಮೇಲೆ ಬಸವಣ್ಣನವರ ಚಿತ್ರ, ಕೆಳಗೆ ಮಠದ ಹೆಸರು, ಅದನ್ನು ಕಂಡು ಪೊಲೀಸಪ್ಪ ಕೈ ಬೀಸಿ ಬಿಟ್ಟರೆ ನಮಗೆ ಒಳಗೊಳಗೇ ಖುಷಿ. ಅದೇ ಸರ್ಕಲ್ಲಿನಲ್ಲಿ ಹಿಂದೆ ಬಂದ ತರಕಾರಿ ಟೆಂಪೋದವನನ್ನು ಬದಿಗೆ ನಿಲ್ಲಿಸಿದ್ದು ನಮಗೆ ಕಾಣುವುದಿಲ್ಲ. ಜಾತಿಯ ಬೇರು ಕಿತ್ತವರ ಚಿತ್ರವನ್ನೇ ಜಾತಿಯ ಪಾಸು ಮಾಡಿಕೊಂಡಿದ್ದೇವೆ. ಗಣಾಚಾರ ಎಂದರೆ ಅನ್ಯಾಯ ಕಂಡಲ್ಲಿ ಎದ್ದು ನಿಲ್ಲುವುದು ಎಂದು ಮಕ್ಕಳಿಗೆ ಕಲಿಸುತ್ತೇವೆ. ಆ ಟೆಂಪೋದವನ ಪರವಾಗಿ ಯಾರು ಎದ್ದರು?

ಕೊನೆಗೆ ನಮ್ಮ ಮನೆಯದೇ ಮಾತು. ನಮ್ಮ ಬಸವ ಕೇಂದ್ರಕ್ಕೊಂದು ಹಳೆಯ ಗಾಡಿ ಇದೆ. ಶ್ರಾವಣದಲ್ಲಿ ಊರೂರಿಗೆ ವಚನ ಪ್ರವಚನಕ್ಕೆ ಹೋಗುವುದು ಅದರಲ್ಲೇ. ಕಳೆದ ವರ್ಷ, 2025ರ ಆಷಾಢದಲ್ಲಿ, ಅದರ ನಂಬರು ಹಾಕಿ ನೋಡಿದರೆ ಏಳು ನೋಟಿಸು. ಸೀಟ್ ಬೆಲ್ಟು, ಸಿಗ್ನಲ್ಲು, ಒಟ್ಟು 3,500. ಸಮಿತಿಯ ಸಭೆಯಲ್ಲಿ ನಾನು ತಕ್ಷಣ ಕಟ್ಟೋಣವೆಂದೆ. ಹೆಚ್ಚಿನವರು ಕಾಯೋಣವೆಂದರು. ಕಾದರು. ಆಗಸ್ಟಿನಲ್ಲಿ ರಿಯಾಯಿತಿ ಬಂತು. "ನೋಡ್ರಿ ಮಾಸ್ತರ್ರ, ಮಠದ ರೊಕ್ಕ 1,750 ಉಳೀತು" ಅಂದರು. ಖಜಾಂಚಿಯವರು ದಾಸೋಹ ನಿಧಿಯಿಂದ ಹಣ ತೆಗೆಯಲು ಪುಸ್ತಕ ಬಿಚ್ಚಿದರು.

ಇಲ್ಲಿ ನಾನು ತಡೆದೆ. ದಾಸೋಹ ನಿಧಿ ಎಂದರೆ ಏನು? ಸುಗ್ಗಿಯಲ್ಲಿ ಹಳ್ಳಿಯ ತಾಯಂದಿರು ಹಿಡಿ ಹಿಡಿಯಾಗಿ ಕೊಟ್ಟ ಜೋಳ. ಹಮಾಲರು ಸೋಮವಾರ ಹಾಕಿದ ಹತ್ತು ರೂಪಾಯಿ. ಅದು ಉಣ್ಣುವವರಿಗಾಗಿ ಬಂದದ್ದು. ನಾವು ಸಿಗ್ನಲ್ ಹಾರಿದ್ದಕ್ಕೆ ಅವರೇಕೆ ಕೊಡಬೇಕು?

"ಹಂಗಾದ್ರ ಡ್ರೈವರ್ ಕಟ್ಟಲಿ" ಎಂದರು ಒಬ್ಬರು. ಡ್ರೈವರ್ ಹುಡುಗ ಬಾಗಿಲ ಬಳಿ ನಿಂತಿದ್ದ. ತಿಂಗಳಿಗೆ ಅವನಿಗೆ ನಾವು ಕೊಡುವುದೆಷ್ಟೆಂದು ಇಲ್ಲಿ ಬರೆದರೆ ನಮ್ಮ ಕೇಂದ್ರಕ್ಕೆ ಮರ್ಯಾದೆಯಲ್ಲ. ಅವನು ಏನೂ ಅನ್ನಲಿಲ್ಲ. ಪೂಜ್ಯರು ಅಷ್ಟುಹೊತ್ತು ಸುಮ್ಮನೆ ಕೇಳುತ್ತಿದ್ದವರು, ಅವನ ಕಡೆ ತಿರುಗಿ, "ತಮ್ಮಾ, ಆ ದಿನ ಗಾಡಿಯೊಳಗ ಯಾರ್ಯಾರು ಕುಂತಿದ್ರು?" ಎಂದು ಕೇಳಿದರು.

ಅವನು ನೆಲ ನೋಡುತ್ತ ಹೇಳಿದ. ಎಲ್ಲ ಸಲವೂ ನಾವೇ. ವೇಳೆ ಮೀರಿತು, ಜನ ಕಾಯುತ್ತಾರೆ, ಹೊಡಿಯೋ ತಮ್ಮಾ, ಈ ಹೊತ್ತಿನಾಗ ಯಾರ ಇರ್ತಾರ ಸಿಗ್ನಲ್ಲಿನಾಗ ಎಂದು ಅವಸರ ಮಾಡಿದವರಲ್ಲಿ ನಾನೂ ಒಬ್ಬ. ಬೆಲ್ಟು ಕಟ್ಟಿಕೊಂಡರೆ ಅಂಗಿ ಮುದುಡುತ್ತದೆಂದು ಮುಂದಿನ ಸೀಟಿನಲ್ಲಿ ಬೆಲ್ಟಿಲ್ಲದೆ ಕುಳಿತವನಂತೂ ನಾನೇ. ಪ್ರವಚನಕ್ಕೆ ಹೋಗುವ ಗಾಡಿಯಲ್ಲಿ ಭೃತ್ಯಾಚಾರ ಇದ್ದದ್ದು ಸ್ಟಿಯರಿಂಗ್ ಹಿಡಿದವನಲ್ಲಿ ಮಾತ್ರ. ನಾವು ಹೇಳಿದ್ದನ್ನು ಅವನು ಕೇಳಿದ.

ಗಾಡಿಯಲ್ಲಿ ಕೂತ ಏಳು ಜನರೇ ಹಂಚಿಕೊಂಡು ಕಟ್ಟಬೇಕೆಂದು ತೀರ್ಮಾನವಾಯಿತು. ತಲಾ 250. ಒಬ್ಬರು ಎದ್ದು ಹೋದರು. ದುಡ್ಡಿನ ಮಾತಲ್ಲ, ಡ್ರೈವರನ ಮುಂದೆ ಮರ್ಯಾದೆ ಹೋಯಿತು ಎಂದು ಅವರ ದೂರು. ಎರಡು ತಿಂಗಳು ಪ್ರಾರ್ಥನೆಗೆ ಬರಲಿಲ್ಲ, ಈಗ ಬರುತ್ತಿದ್ದಾರೆ, 250 ಇನ್ನೂ ಬಂದಿಲ್ಲ. ಸದ್ಯ ಅದನ್ನು ಖಜಾಂಚಿಯವರು ತಮ್ಮ ಜೇಬಿನಿಂದ ಹಾಕಿದ್ದಾರೆ. ರಿಯಾಯಿತಿಯಲ್ಲಿ ಉಳಿದ ಇನ್ನೊಂದು 1,750 ಏನಾಗಬೇಕೆಂಬ ಚರ್ಚೆ ಮುಗಿದಿಲ್ಲ. ಕಟ್ಟುವುದೇ ಬೇಡದ ಹಣಕ್ಕೆ ವಿಷಯಪಟ್ಟಿ ಏಕೆ ಎಂದು ಕೆಲವರು ಕೇಳುತ್ತಾರೆ. ನಾನು ಪ್ರತಿ ಸಭೆಯಲ್ಲೂ ಅದನ್ನು ವಿಷಯಪಟ್ಟಿಗೆ ಹಾಕಿಸುತ್ತಿದ್ದೇನೆ.

ಬರುವ ಬಸವ ಜಯಂತಿಗೆ ನಮ್ಮಲ್ಲಿ ಬೈಕ್ ರ‍್ಯಾಲಿ ಇಟ್ಟುಕೊಂಡಿದ್ದಾರೆ. ನೂರಾರು ಗಾಡಿ, ಷಟ್‌ಸ್ಥಲ ಧ್ವಜ, ಜಯಘೋಷ. ಹೆಸರು ಬರೆಸಲು ಬಂದವರ ಗಾಡಿಯ ನಂಬರನ್ನು ಅಲ್ಲೇ ಹಾಕಿ ಬಾಕಿ ನೋಡುವುದು, ಇದ್ದರೆ ಕಟ್ಟಿ ಬಂದ ಮೇಲೆ ಧ್ವಜ ಕೊಡುವುದು, ಹೆಲ್ಮೆಟ್ ಇಲ್ಲದವರಿಗೆ ಧ್ವಜವೇ ಇಲ್ಲ ಎಂದು ನಾನು ಸೂಚಿಸಿದ್ದೇನೆ. ರ‍್ಯಾಲಿಗೆ ಜನವೇ ಬರಲಿಕ್ಕಿಲ್ಲ ಎಂದು ಸಂಘಟಕ ತರುಣರು ಹೆದರಿದ್ದಾರೆ. ಹತ್ತೇ ಗಾಡಿ ಬಂದರೂ ಸಾಕೆಂದು ಪೂಜ್ಯರು ಹೇಳಿದ್ದಾರೆ. ಹೆಸರು ಬರೆಸುವ ಮೇಜಿನ ಬಳಿ ಸೊಸೆಯ ಫೋನು ಹಿಡಿದುಕೊಂಡು ನಾನೇ ಕೂರುತ್ತೇನೆ. ಮೊದಲು ಹಾಕಿ ನೋಡುವುದು ನನ್ನ ಸ್ಕೂಟರಿನ ನಂಬರು; ಆಮೇಲೆ ಆ ಗೌಂಡಿ ಶರಣರದು.